ಮೊದಲ ಮೂರು ಇನ್ನಿಂಗ್ಸ್‌ನ ರನ್ನುಗಳು

ಬೇಸ್‌ಬಾಲ್ ಆಟವನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು, ಅದರ ಭವಿಷ್ಯ ಹೇಳುವ ಕೆಲಸಕ್ಕೆ ಸೇರಿ ಐದು ತಿಂಗಳಾದ ಮೇಲೆ. ಅಷ್ಟರಲ್ಲಿ ನನ್ನ ಕಂಪ್ಯೂಟರ್ ಒಂದೊಂದು ಪಂದ್ಯವನ್ನೂ ಹತ್ತು ಸಾವಿರ ಸಲ ಆಡಿ ಮುಗಿಸುತ್ತಿತ್ತು. ನಾನು ಮಾತ್ರ ಒಂದನ್ನೂ ನೋಡಿರಲಿಲ್ಲ.

ಕೆಲಸ ಸ್ಟ್ರಾಟ್‌ಫರ್ಡ್‌ನ ಒಂದು ಸಣ್ಣ ಕಂಪನಿಯಲ್ಲಿ. ಟಿವಿ ವಾಹಿನಿಗಳಿಗೆ ಆಟಗಳ ಅಂಕಿಅಂಶ ಒದಗಿಸುವುದು ನಮ್ಮ ಕಸುಬು. ಅಮೆರಿಕದ ಬೇಸ್‌ಬಾಲನ್ನು ಇಲ್ಲಿ ತೋರಿಸುವ ವಾಹಿನಿಯೊಂದು ಹೊಸದೊಂದು ಬೇಡಿಕೆ ಇಟ್ಟಿತ್ತು. ಆಟ ಶುರುವಾಗುವ ಮೊದಲೇ, ಮೊದಲ ಮೂರು ಇನ್ನಿಂಗ್ಸ್‌ನಲ್ಲಿ ಎರಡೂ ತಂಡ ಸೇರಿ ಎಷ್ಟು ರನ್ ಗಳಿಸಬಹುದು ಎಂದು ಪರದೆಯ ಮೇಲೆ ತೋರಿಸಬೇಕು. ಮೂರೇ ಏಕೆಂದರೆ, ಒಂಬತ್ತು ಇನ್ನಿಂಗ್ಸ್ ಮುಗಿಯುವವರೆಗೆ ಕೂತು ನೋಡುವ ತಾಳ್ಮೆ ಇಲ್ಲಿಯ ಬಹಳಷ್ಟು ಜನರಿಗಿಲ್ಲ. ಸಂಜೆ ಸ್ವಲ್ಪ ಹೊತ್ತು ನೋಡಿ ಎದ್ದುಬಿಡುತ್ತಾರೆ.

ಮಗಳು ಹುಟ್ಟಿದ ಮೇಲೆ ಬಹಳ ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಮರಳಿದ್ದೆ. ಆರು ತಿಂಗಳ ಪ್ರೊಬೇಷನ್. ರನ್ನುಗಳ ಭವಿಷ್ಯ ಹೇಳುವ ಈ ಲೆಕ್ಕದ ಮಾಡೆಲ್ ಕೆಲಸ ಮಾಡಿದರೆ ಖಾಯಂ ಆಗುತ್ತೇನೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದರು: “ಜೂಜಾಡೋರಿಗೆ ಲೆಕ್ಕ ಹಾಕ್ಕೊಡೋ ಕೆಲಸವೇನೇ?”

“ಅಲ್ಲಮ್ಮ, ಟಿವಿಯೋರಿಗೆ.”

“ಏನೋಪ್ಪ, ನಿಮ್ಮಪ್ಪನಿಗೆ ಹೇಳಬೇಡ. ಸ್ಟ್ಯಾಟಿಸ್ಟಿಕ್ಸ್ ಅಂತಷ್ಟೇ ಹೇಳಿದೀನಿ.”

ನಮ್ಮ ತಂಡದ ಮುಖ್ಯಸ್ಥರು ಅರವತ್ತರ ಹತ್ತಿರದ ಇಂಗ್ಲಿಷರು. ಮೃದು ಮಾತು, ಮನೆಯಿಂದ ತಂದ ದೊಡ್ಡ ಮಗ್ಗು, ಮುದುರಿದ ಕಾಲರು. ಮೊದಲ ದಿನವೇ ಅವರು ನನಗೆ ಆಟವನ್ನು ಕ್ರಿಕೆಟ್ ಭಾಷೆಯಲ್ಲಿ ವಿವರಿಸಿದರು. ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಹೊಡೆದು, ಮೈದಾನದ ಮೂರು ಮೂಲೆಗಳಲ್ಲಿ ಇಟ್ಟ ಚೌಕ ಚೀಲಗಳನ್ನು, ಅಂದರೆ ಬೇಸ್‌ಗಳನ್ನು, ಸುತ್ತಿ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಎರಡೂ ತಂಡದ ಸರದಿ ಮುಗಿದರೆ ಒಂದು ಇನ್ನಿಂಗ್ಸ್. ಬ್ಯಾಟಿಂಗ್ ಕ್ರಮ ಮೊದಲೇ ನಿಗದಿಯಾಗಿರುತ್ತದೆ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು ಬರುತ್ತಾನೆ.

ನಾನು ಮೊದಲು ಮಾಡಿದ್ದು ಸುಲಭದ ಲೆಕ್ಕ. ಎರಡು ತಂಡಗಳ ಸರಾಸರಿ ತೆಗೆದು, ಮೈದಾನದ ಅಳತೆಗೆ ತಕ್ಕಂತೆ ಸ್ವಲ್ಪ ಏರಿಸಿ ಇಳಿಸಿದೆ. ಅದು ಕೆಲಸಕ್ಕೆ ಬರಲಿಲ್ಲ. ರನ್ನುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಎಷ್ಟೋ ಇನ್ನಿಂಗ್ಸ್‌ಗಳಲ್ಲಿ ಸೊನ್ನೆ, ಆಮೇಲೆ ಒಂದರಲ್ಲಿ ಒಮ್ಮೆಲೇ ನಾಲ್ಕು. ಸರಾಸರಿಗೆ ಆ ಸ್ವಭಾವ ಹಿಡಿಯಲು ಬರುವುದಿಲ್ಲ. ಹಾಗಾಗಿ ಅದನ್ನು ಬಿಟ್ಟು, ಒಬ್ಬೊಬ್ಬ ಬ್ಯಾಟರನ್ನೂ ಸರದಿಯಂತೆ ಕಂಪ್ಯೂಟರಿನಲ್ಲಿ ಆಡಿಸತೊಡಗಿದೆ. ಈ ಪಿಚರ್ ಎದುರಿಗೆ ಇವನು ಔಟಾಗುವ ಸಾಧ್ಯತೆ ಎಷ್ಟು, ಒಂದು ಬೇಸ್ ಮುಟ್ಟುವುದು ಎಷ್ಟು, ಚೆಂಡನ್ನು ಬೇಲಿಯಾಚೆ ಹೊಡೆಯುವುದು ಎಷ್ಟು ಎಂದು ಲೆಕ್ಕ ಹಾಕಿ ಹತ್ತು ಸಾವಿರ ಸಲ ಆಡಿಸುವುದು. ಆಗ ಒಂದು ಚಂದದ ಸಂಗತಿ ತಾನಾಗಿಯೇ ಹೊರಬಿತ್ತು. ಒಳ್ಳೆಯ ಬ್ಯಾಟರ್‌ಗಳು ಪಟ್ಟಿಯ ಮೇಲ್ತುದಿಯಲ್ಲಿರುವುದರಿಂದ ಮೊದಲ ಇನ್ನಿಂಗ್ಸ್‌ನಲ್ಲಿ ರನ್ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಅದನ್ನು ನಾನು ಕಲಿಸಿರಲಿಲ್ಲ. ಮುಖ್ಯಸ್ಥರನ್ನು ಕರೆದು ತೋರಿಸಿದಾಗ ಅವರು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿ, “ಓ, ಇದಕ್ಕೆ ಆಟ ಗೊತ್ತಿದೆ” ಎಂದರು.

ಹಿಂದಿನ ಸೀಸನ್‌ಗಳ ಪಂದ್ಯಗಳ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ, ನನಗೇ ನಾಚಿಕೆಯಾಗುವಷ್ಟು. ಏಪ್ರಿಲ್‌ನಲ್ಲಿ ವಾಹಿನಿಯ ನಿರ್ಮಾಪಕಿ ಬಂದು ಆ ಫಲಿತಾಂಶದ ಗ್ರಾಫ್ ನೋಡಿ ಹೋದರು. ಮೇ ತಿಂಗಳಿನಿಂದ ಆರು ವಾರ ನಿಜವಾದ ಪಂದ್ಯಗಳ ಮೇಲೆ ಪ್ರಯೋಗ ನಡೆಸುವುದು, ಆಮೇಲೆ ಪರದೆಯ ಮೇಲೆ ಹಾಕುವುದು ಎಂದು ಒಪ್ಪಂದವಾಯಿತು.

ಅಲ್ಲಿಂದ ನನ್ನ ಬೆಳಗುಗಳು ಕೆಟ್ಟವು. ಮನೆಯಿರುವ ಪಿನ್ನರ್‌ನಲ್ಲಿ ಟ್ಯೂಬ್ ರೈಲು ಹತ್ತಿ ಸೀಟು ಸಿಕ್ಕ ಕೂಡಲೇ ಹಿಂದಿನ ದಿನದ ಫಲಿತಾಂಶ ತೆರೆಯುತ್ತಿದ್ದೆ. ಫಿಂಚ್ಲಿ ರೋಡ್‌ನಲ್ಲಿ ಇಳಿದು ಇನ್ನೊಂದು ಟ್ಯೂಬ್ ಹಿಡಿಯುವ ಹೊತ್ತಿಗೆ ಮನಸ್ಸು ಇಳಿದುಹೋಗಿರುತ್ತಿತ್ತು. ಮಾಡೆಲ್ ಗಟ್ಟಿಯಾಗಿ ‘ಇವತ್ತು ರನ್ ಹರಿಯುತ್ತದೆ’ ಎಂದ ಕಡೆ ಸೊನ್ನೆ. ‘ಏನೂ ಆಗುವುದಿಲ್ಲ’ ಎಂದ ಕಡೆ ಐದು. ಎಲ್ಲ ಪಂದ್ಯಕ್ಕೂ ಒಂದೇ ಸರಾಸರಿ ಸಂಖ್ಯೆ ಬರೆದಿಟ್ಟರೂ ಹೆಚ್ಚುಕಮ್ಮಿ ಇಷ್ಟೇ ಸರಿಯಾಗುತ್ತಿತ್ತು.

“ಎರಡು ವಾರ ಅಂದರೆ ಏನೂ ಅಲ್ಲ,” ಎಂದರು ಮುಖ್ಯಸ್ಥರು. “ಅದೃಷ್ಟ ಸರಿಯಿಲ್ಲ ಅಷ್ಟೇ. ಅಂದಹಾಗೆ, ನೀವು ಒಂದು ಆಟವನ್ನಾದರೂ ನೋಡಿದ್ದೀರಾ?”

ಇಲ್ಲವೆಂದು ತಲೆಯಾಡಿಸಿದೆ. ಅವರು ಒಂದು ಚೀಟಿಯ ಮೇಲೆ ಪಾರ್ಕಿನ ಹೆಸರು ಬರೆದುಕೊಟ್ಟರು. ಸೌತ್‌ಹಾಲ್‌ನಿಂದ ಬಸ್ಸಿನಲ್ಲಿ ಹೋಗಬೇಕು, ಭಾನುವಾರ ಮಧ್ಯಾಹ್ನ ಹವ್ಯಾಸಿ ತಂಡಗಳು ಆಡುತ್ತವೆ, ಟಿಕೆಟ್ ಇಲ್ಲ, ಮಡಚುವ ಕುರ್ಚಿ ಒಯ್ಯಿರಿ ಎಂದರು.

ಕುರ್ಚಿ ಒಯ್ಯಲು ಮರೆತಿದ್ದೆ. ಬೇಲಿಯ ಪಕ್ಕ ನಿಂತು, ದಾರಿ ತಪ್ಪಿದ್ದನ್ನು ಗಂಡನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

“ಕನ್ನಡವಾ? ಎಲ್ಲಿಯವರು ನೀವು?”

ತಿರುಗಿ ನೋಡಿದರೆ, ಸಣ್ಣ ಮೇಜಿನ ಮುಂದೆ ಎಪ್ಪತ್ತು ದಾಟಿದ ಹೆಂಗಸೊಬ್ಬರು. ತಲೆಗೆ ತಂಡದ ಟೋಪಿ, ಮೈಮೇಲೆ ದಪ್ಪ ಕಾರ್ಡಿಗನ್, ಕೊರಳಲ್ಲಿ ಸಣ್ಣ ಶಿಲುಬೆ. ಮೇಜಿನ ಮೇಲೆ ಅಗಲವಾದ ಪುಸ್ತಕ, ಅದರ ತುಂಬ ಚಿಕ್ಕ ಚಿಕ್ಕ ಚೌಕಗಳು.

“ಮೈಸೂರು. ನೀವು?”

“ಉಡುಪಿ ಹತ್ತಿರ. ಮನೆಯಲ್ಲಿ ಕೊಂಕಣಿ. ಆದರೆ ಶಾಲೆ ಎಲ್ಲ ಕನ್ನಡದಲ್ಲೇ. ನಿಂತದ್ದು ಎಂತಕ್ಕೆ? ಆ ಪೆಟ್ಟಿಗೆಯ ಮೇಲೆ ಕೂತ್ಕೊಳ್ಳಿ. ಬ್ಯಾಟ್ ಎಲ್ಲ ಹೊರಗೆ ಉಂಟು, ಪೆಟ್ಟಿಗೆ ಖಾಲಿ.”

ಅವರು ನಿವೃತ್ತ ನರ್ಸ್. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವರು. ಮೈದಾನದಲ್ಲಿ ಎಲ್ಲರೂ ಅವರನ್ನು ಈಗಲೂ ಸಿಸ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಬಹಳ ವರ್ಷಗಳ ಹಿಂದೆ ಪ್ರಥಮ ಚಿಕಿತ್ಸೆಗೆಂದು ಈ ಮೈದಾನಕ್ಕೆ ಬಂದಿದ್ದರಂತೆ. ಆ ದಿನ ಸ್ಕೋರ್ ಬರೆಯುವವನು ಬರಲಿಲ್ಲ. “ಇಪ್ಪತ್ತೆಂಟು ಹಾಸಿಗೆಯ ಚಾರ್ಟ್ ಬರೆದವಳಿಗೆ ಹದಿನೆಂಟು ಜನರದ್ದು ಬರೀಲಿಕ್ಕೆ ಎಂತ ಕಷ್ಟ?” ಎಂದು ಪುಸ್ತಕ ಎತ್ತಿಕೊಂಡವರು ಮತ್ತೆ ಕೆಳಗಿಟ್ಟಿರಲಿಲ್ಲ.

ನನ್ನ ಕೆಲಸ ಏನೆಂದು ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಆಟ ನೋಡದೆ ಭವಿಷ್ಯ ಹೇಳುವುದಾ? ನಾನು ನೋಡಿ ಹೇಳುವುದೇ ತಪ್ಪುತ್ತದೆ ಮಾರಾಯ್ತಿ!”

ಅದು ನಿಜವೇ. ಪಿಚರ್ ಕೈ ಬಿಸಿ ಮಾಡಿಕೊಳ್ಳುವುದನ್ನು ನೋಡುತ್ತಾ ಅವರು ಪ್ರತಿ ಆಟಕ್ಕೂ ಒಂದು ಊಹೆ ಮಾಡುತ್ತಿದ್ದರು. “ಇವನ ಭುಜ ಇವತ್ತು ಬಿಗಿ ಉಂಟು. ಮೊದಲನೆಯದರಲ್ಲೇ ಮೂರು ರನ್.” ಅದನ್ನು ಪುಟದ ಅಂಚಿನಲ್ಲಿ ಗಂಟೆಯ ಸಮೇತ ಬರೆಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ತಪ್ಪುತ್ತಿತ್ತು. ತಪ್ಪಿದ್ದಕ್ಕೂ ಪಕ್ಕದಲ್ಲಿ ಸಣ್ಣದೊಂದು ತಪ್ಪು ಗುರುತು ಹಾಕಿ, ಅಷ್ಟೇ ಖುಷಿಯಿಂದ ಮುಂದಿನ ಇನ್ನಿಂಗ್ಸ್‌ಗೆ ಹೋಗುತ್ತಿದ್ದರು.

ಮುಂದಿನ ಭಾನುವಾರವೂ ಹೋದೆ. ಕೆಲಸಕ್ಕಾಗಿ ಎಂದು ಮನೆಯಲ್ಲಿ ಹೇಳಿದ್ದೆ. ಸಿಸ್ಟರ್ ಫಾಯಿಲಿನಲ್ಲಿ ಸುತ್ತಿದ ಬನ್ಸ್ ತಂದಿದ್ದರು, ಬಾಳೆಹಣ್ಣು ಹಾಕಿ ಕರಿದದ್ದು, ಇನ್ನೂ ಬೆಚ್ಚಗಿತ್ತು. ತಿನ್ನುತ್ತಾ ಸ್ಕೋರ್ ಬರೆಯುವುದನ್ನು ಕಲಿಸಿಕೊಟ್ಟರು. ಒಬ್ಬ ಬ್ಯಾಟರ್‌ಗೆ ಒಂದು ಸಾಲು, ಒಂದು ಇನ್ನಿಂಗ್ಸ್‌ಗೆ ಒಂದು ಕಂಬ, ಅವನು ಎಷ್ಟು ಬೇಸ್ ಓಡಿದನೋ ಚೌಕದಲ್ಲಿ ಅಷ್ಟು ಗೆರೆ. ಪೂರ್ತಿ ಸುತ್ತಿ ಬಂದರೆ ಒಳಗಿನ ವಜ್ರಾಕಾರವನ್ನು ಪೆನ್ಸಿಲಿನಿಂದ ತುಂಬಬೇಕು. ನಾನು ಇಡೀ ವಾರ ಸಾವಿರಗಟ್ಟಲೆ ಆಡಿಸುತ್ತಿದ್ದ ಆಟ, ಅಲ್ಲಿ ಒಂದೊಂದೇ ಚೌಕವಾಗಿ ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಅದೆಷ್ಟು ಹಿಡಿಸಿತೆಂದರೆ, ಬಸ್ಸಿನಲ್ಲಿ ಮರಳುವಾಗ ಆಫೀಸಿನ ನೆನಪೇ ಬರಲಿಲ್ಲ.

ಮೂರನೆಯ ಭಾನುವಾರ ಆಟ ಶುರುವಾಗಲು ಹತ್ತು ನಿಮಿಷವಿದ್ದಾಗ ಒಂದು ತಂಡದ ನಾಯಕ ಓಡಿ ಬಂದ. ಅವರ ಪಿಚರ್‌ಗೆ ಬೆನ್ನು ಹಿಡಿದುಕೊಂಡಿದೆ, ಬೇರೆಯವನು ಎಸೆಯುತ್ತಾನೆ, ಬ್ಯಾಟಿಂಗ್ ಕ್ರಮದಲ್ಲೂ ಎರಡು ಬದಲಾವಣೆ. ನಾನು ಕೂಡಲೇ ರಬ್ಬರ್ ತೆಗೆದುಕೊಂಡು ಹಳೆಯ ಹೆಸರು ಅಳಿಸಲು ಹೊರಟೆ. ಸಿಸ್ಟರ್ ನನ್ನ ಕೈ ಮೇಲೆ ಒಂದು ಪೆಟ್ಟು ಹಾಕಿದರು.

“ಅಳಿಸಬಾರದು! ಒಂದೇ ಒಂದು ಗೆರೆ ಎಳೆ, ಕೆಳಗಿದ್ದದ್ದು ಓದ್ಲಿಕ್ಕೆ ಆಗಬೇಕು. ಪಕ್ಕದಲ್ಲಿ ಹೊಸ ಹೆಸರು, ಗಂಟೆ, ನಿನ್ನ ಸಹಿ.”

ಅವರು ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು.

“ಯಾಕೆ ಸಿಸ್ಟರ್? ಕೊನೆಗೆ ಆಡೋರು ಇವರೇ ಅಲ್ವಾ?”

“ವಾರ್ಡಿನಲ್ಲಿ ಹಾಗೇ ಕಲಿತದ್ದು. ರೋಗಿಗೆ ಎಂತ ಆಯ್ತು ಅಂತ ಎಲ್ಲರಿಗೂ ಆಮೇಲೆ ಗೊತ್ತಾಗ್ತದೆ. ಆದರೆ ಹತ್ತು ಗಂಟೆಗೆ ನಮಗೆ ಎಂತ ಗೊತ್ತಿತ್ತು? ಡಾಕ್ಟರು ಕೇಳುವುದು ಅದನ್ನೇ. ಆಮೇಲೆ ಗೊತ್ತಾದದ್ದನ್ನು ಮೊದಲೇ ಗೊತ್ತಿದ್ದ ಹಾಗೆ ಬರೆದರೆ ಅದು ಚಾರ್ಟ್ ಅಲ್ಲ, ಕಥೆ.”

ನಾನು ಪೆನ್ಸಿಲ್ ಹಿಡಿದುಕೊಂಡು ಹಾಗೇ ಕೂತೆ. ಆಟ ಶುರುವಾಯಿತು. ಮೊದಲ ಇಬ್ಬರು ಬ್ಯಾಟರ್‌ಗಳು ಏನು ಮಾಡಿದರೆಂದು ನಾನು ನೋಡಲೇ ಇಲ್ಲ, ಸಿಸ್ಟರೇ ಬರೆದುಕೊಂಡರು. ನನ್ನ ತಲೆಯಲ್ಲಿ ಅಂಕಿಗಳ ಒಂದು ಟೇಬಲ್ ತೆರೆದುಕೊಂಡಿತ್ತು. ಹಿಂದಿನ ಸೀಸನ್‌ಗಳ ಪರೀಕ್ಷೆಗೆ ನಾನು ಬಳಸಿದ ಡೇಟಾ. ಅದರಲ್ಲಿದ್ದ ಪಿಚರ್‌ಗಳ ಹೆಸರು ಬೆಳಿಗ್ಗೆ ಘೋಷಿಸಿದ್ದಲ್ಲ, ಕೊನೆಗೆ ಎಸೆದವರದ್ದು. ಮತ್ತೆ ಬ್ಯಾಟರ್‌ಗಳ ಸಾಮರ್ಥ್ಯದ ಅಂಕಿ? ಅದನ್ನು ಎಲ್ಲಿಂದ ತೆಗೆದಿದ್ದೆ?

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ನೋಡಿದೆ. ಹೆದರಿದ್ದಂತೆಯೇ ಆಗಿತ್ತು. ಬ್ಯಾಟರ್‌ಗಳ ಅಂಕಿ ಇಡೀ ಸೀಸನ್ನಿನದ್ದು. ಏಪ್ರಿಲ್ ತಿಂಗಳ ಪಂದ್ಯಕ್ಕೆ ಭವಿಷ್ಯ ಹೇಳುವಾಗ ನನ್ನ ಮಾಡೆಲ್ ಅದೇ ವರ್ಷದ ಸೆಪ್ಟೆಂಬರ್‌ವರೆಗಿನ ಆಟವನ್ನು ನೋಡಿಬಿಟ್ಟಿತ್ತು. ಆ ದಿನ ಹೊಡೆಯಲಿದ್ದ ಹೊಡೆತಗಳೂ ಆ ಅಂಕಿಯೊಳಗೇ ಇದ್ದವು. ಪ್ರಶ್ನೆಪತ್ರಿಕೆಯ ಜೊತೆಗೆ ಉತ್ತರವನ್ನೂ ಕೊಟ್ಟು, ಎಷ್ಟು ಜಾಣ ಮಗು ಎಂದು ಬೀಗಿದ ಹಾಗೆ. ಈಗಿನ ಪಂದ್ಯಗಳಲ್ಲಿ ಆ ಉತ್ತರ ಸಿಗದು, ಹಾಗಾಗಿ ಎಡವುತ್ತಿತ್ತು. ಅದೃಷ್ಟದ ಮಾತೇ ಅಲ್ಲ. ಆ ಟೇಬಲ್ ಜೋಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಮುಖ್ಯಸ್ಥರು ಕೋಟು ಕಳಚುವ ಮೊದಲೇ ಹೇಳಿಬಿಟ್ಟೆ. ಅವರು ಮಗ್ಗು ತೊಳೆಯಲು ಹೋದರು. ಮಗ್ಗು ಸ್ವಚ್ಛವಾಗಿಯೇ ಇತ್ತು. ಮರಳಿ ಬಂದು ನನ್ನೆದುರಿಗೆ ಕೂತರು.

“ಆ ಗ್ರಾಫ್ ನಾನೂ ನೋಡಿದ್ದೆ. ಅಷ್ಟು ಚೆನ್ನಾಗಿದ್ದಾಗಲೇ ಅನುಮಾನ ಬರಬೇಕಿತ್ತು. ಸರಿಪಡಿಸಲು ಎಷ್ಟು ದಿನ ಬೇಕು?”

“ಮೂರು ದಿನ. ಆದರೆ ಸರಿಪಡಿಸಿದ ಮೇಲೆ ಅದು ಇಷ್ಟು ಚೆನ್ನಾಗಿರೋದಿಲ್ಲ.”

“ಗುರುವಾರ ನಿರ್ಮಾಪಕಿ ಬರುತ್ತಾರೆ. ಅದು ಬರೀ ಪ್ರಗತಿ ಕೇಳುವ ಸಭೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹೊಸದನ್ನು ಹಾಕಿ ಸುಮ್ಮನೆ ಮುಂದುವರಿಯಬಹುದು. ಯಾರೂ ಕೇಳುವುದಿಲ್ಲ. ನಿಮ್ಮ ಪ್ರೊಬೇಷನ್ ಮುಗಿಯಲು ಇನ್ನು ಸ್ವಲ್ಪವೇ ದಿನ ಇದೆ ಎಂದು ಹೇಳುತ್ತಿದ್ದೇನೆ, ಅಷ್ಟೇ.”

ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಅದಕ್ಕೇ ತಳ್ಳಿಹಾಕುವುದು ಕಷ್ಟವಾಯಿತು. ಸಂಜೆಯವರೆಗೆ ಸಮಯ ಕೇಳಿದೆ. ಒಂದು ಕಾಗದದ ಮೇಲೆ ಮಾಡೆಲ್ ಬಳಸುವ ಪ್ರತಿಯೊಂದು ಅಂಕಿಯನ್ನೂ ಬರೆದು, ಪ್ರತಿಯೊಂದರ ಎದುರೂ ಒಂದೇ ಪ್ರಶ್ನೆ ಹಾಕಿಕೊಂಡೆ: ಆಟಕ್ಕೆ ಮುಂಚೆ ಇದು ನಮಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎನ್ನುವ ಸಾಲುಗಳ ಮೇಲೆ ಒಂದೊಂದೇ ಗೆರೆ ಎಳೆಯುತ್ತಾ ಹೋದೆ. ಪಟ್ಟಿಯ ಕೊನೆ ಮುಟ್ಟುವ ಹೊತ್ತಿಗೆ, ಏಪ್ರಿಲ್‌ನ ಆ ಗ್ರಾಫಿನ ಮೇಲೂ ಗೆರೆ ಎಳೆಯದೆ ಬೇರೆ ದಾರಿಯಿಲ್ಲವೆಂದು ಗೊತ್ತಾಗಿತ್ತು.

“ಗುರುವಾರ ನಾನೇ ಹೇಳ್ತೀನಿ,” ಎಂದೆ.

“ನಾನು ಹೇಳಿದರೆ ನಿಮಗೆ ಸುಲಭ.”

“ತಪ್ಪು ನನ್ನದು. ನೀವು ಪಕ್ಕದಲ್ಲಿ ಕೂತಿರಿ, ಸಾಕು.”

ಎರಡು ದಿನ ಕೂತು ಪ್ರತಿ ಬ್ಯಾಟರ್‌ನ ಅಂಕಿಯನ್ನೂ ದಿನದಿನಕ್ಕೆ ಹೊಸದಾಗಿ ಕಟ್ಟಿದೆ. ಆ ಬೆಳಿಗ್ಗೆಯವರೆಗೆ ಆಡಿದ್ದಷ್ಟೇ ಸೇರಬೇಕು. ಸೀಸನ್ನಿನ ಶುರುವಿನಲ್ಲಿ ಆಟಗಳು ಕಡಿಮೆಯಿದ್ದರೆ ಹಿಂದಿನ ವರ್ಷದ್ದನ್ನು ಬೆರೆಸಬೇಕು. ಪಿಚರ್ ಘೋಷಿತನಾದವನೇ ಇರಬೇಕು, ಆಮೇಲೆ ಬದಲಾಗಿದ್ದರೂ ಸರಿ. ಬುಧವಾರ ಸಂಜೆ ಮತ್ತೆ ಪರೀಕ್ಷೆ ಓಡಿಸಿದೆ. ಗ್ರಾಫ್ ಬಾಡಿಹೋಗಿತ್ತು. ಮೂರು ಇನ್ನಿಂಗ್ಸ್ ಸೇರಿಸಿದ ಲೆಕ್ಕದಲ್ಲಿ ನನ್ನ ಮಾಡೆಲ್ ಬರೀ ಸರಾಸರಿಗಿಂತ ಕೂದಲೆಳೆಯಷ್ಟೇ ಮೇಲಿತ್ತು.

ಒಂದೇ ಒಂದು ಕಡೆ ಜೀವವಿತ್ತು. ಇನ್ನಿಂಗ್ಸ್‌ಗಳನ್ನು ಬೇರೆಬೇರೆ ಮಾಡಿ ನೋಡಿದಾಗ, ಮೊದಲನೆಯದರಲ್ಲಿ ಮಾತ್ರ ಅದು ಸರಾಸರಿಯನ್ನು ನೆಟ್ಟಗೆ ಮೀರಿಸುತ್ತಿತ್ತು. ಕಾರಣ ಸರಳ. ಮೊದಲ ಇನ್ನಿಂಗ್ಸ್‌ನಲ್ಲಿ ಯಾರು ಯಾರ ಎದುರು ಬ್ಯಾಟ್ ಹಿಡಿಯುತ್ತಾರೆಂದು ಪಟ್ಟಿ ಬಂದ ಕೂಡಲೇ ಗೊತ್ತಿರುತ್ತದೆ. ಎರಡನೆಯದರಲ್ಲಿ ಯಾರಿಂದ ಶುರು ಎಂಬುದು ಮೊದಲನೆಯದು ಹೇಗೆ ಮುಗಿಯಿತು ಎಂಬುದರ ಮೇಲೆ ನಿಂತಿರುತ್ತದೆ. ಮೂರನೆಯದರ ಹೊತ್ತಿಗೆ ಎಲ್ಲ ಕಲಸಿಹೋಗಿರುತ್ತದೆ.

ಗುರುವಾರ ಸಭೆಯ ಕೋಣೆಯ ಕಿಟಕಿಯಿಂದ ಒಲಿಂಪಿಕ್ ಪಾರ್ಕಿನಲ್ಲಿ ಮಕ್ಕಳು ನೀರಾಟವಾಡುವುದು ಕಾಣುತ್ತಿತ್ತು. ನಾನು ಏಪ್ರಿಲ್‌ನ ಗ್ರಾಫನ್ನು ಪರದೆಯ ಮೇಲೆ ಹಾಕಿದೆ, ಮೂಲೆಯಿಂದ ಮೂಲೆಗೆ ಗೆರೆ ಎಳೆದು. ಪಕ್ಕದಲ್ಲಿ ಹೊಸದು. ಏನಾಯಿತೆಂದೂ, ಮೊದಲ ಇನ್ನಿಂಗ್ಸ್‌ನಲ್ಲಿ ಮಾತ್ರ ಏನು ಉಳಿದಿದೆಯೆಂದೂ ಹೇಳಿ ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ನಿರ್ಮಾಪಕಿ ಕೇಳಿದರು, “ಹಾಗಾದರೆ ಏಪ್ರಿಲ್‌ನಲ್ಲಿ ತೋರಿಸಿದ್ದು ಸುಳ್ಳೇ?”

“ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ನಿಜವಲ್ಲ.”

“ನಾವು ಅದನ್ನು ನಂಬಿ ಗ್ರಾಫಿಕ್ಸ್ ಮಾಡಿಸಿದ್ದೇವೆ.”

“ಗೊತ್ತು. ಅದಕ್ಕೇ ಇವತ್ತೇ ಹೇಳುತ್ತಿದ್ದೇನೆ.”

ಪಕ್ಕದಲ್ಲಿ ಕೂತಿದ್ದ ಮುಖ್ಯಸ್ಥರು ಆಗ ಬಾಯಿಬಿಟ್ಟರು. “ಪರಿಶೀಲಿಸಿ ಒಪ್ಪಿದ್ದು ನಾನು. ನೀವು ದೂರಿನ ಪತ್ರ ಬರೆಯುವುದಾದರೆ ಅದರಲ್ಲಿ ನನ್ನ ಹೆಸರನ್ನೂ ಬರೆಯಿರಿ.”

ನಿರ್ಮಾಪಕಿ ಲ್ಯಾಪ್‌ಟಾಪ್ ಮುಚ್ಚಿದರು. ಬಾಗಿಲ ಬಳಿ ನಿಂತು ಕೇಳಿದರು, “ಮೊದಲ ಇನ್ನಿಂಗ್ಸ್ ಬಗ್ಗೆ ಏನೋ ಹೇಳಿದಿರಲ್ಲ, ಅದನ್ನು ಬರೆದು ಕಳಿಸಿ.” ಆಮೇಲೆ ಹತ್ತು ದಿನ ಸುದ್ದಿಯಿಲ್ಲ.

ಹನ್ನೊಂದನೆಯ ದಿನ ಮೇಲ್ ಬಂತು. ಮೂರು ಇನ್ನಿಂಗ್ಸ್‌ನ ಯೋಜನೆ ಕೈಬಿಟ್ಟಿದ್ದರು. ಅದರ ಬದಲಿಗೆ ವಾರಕ್ಕೊಂದೇ ಪಂದ್ಯಕ್ಕೆ, ಬ್ಯಾಟಿಂಗ್ ಪಟ್ಟಿ ಬಂದ ಮೇಲೆ, ಮೊದಲ ಇನ್ನಿಂಗ್ಸ್‌ನಲ್ಲಿ ರನ್ ಬರುವ ಸಾಧ್ಯತೆ ಎಷ್ಟು, ಬಾರದಿರುವ ಸಾಧ್ಯತೆ ಎಷ್ಟು ಎಂದಷ್ಟೇ ತೋರಿಸುತ್ತಾರಂತೆ. ಪರದೆಯ ಮೂಲೆಯಲ್ಲಿ, ಅರ್ಧ ನಿಮಿಷ. ಅದೇ ದಿನ ನಮ್ಮ ಕಂಪನಿಯಿಂದಲೂ ಒಂದು ಪತ್ರ ಬಂತು, ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಗಿತ್ತು. ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ಎರಡನೇ ಸಲ ಓದಿದಾಗ ಪತ್ರದಲ್ಲಿ ‘ಮುಂದಕ್ಕೆ’ ಎಂಬ ಪದವಿದೆ, ‘ಮುಕ್ತಾಯ’ ಎಂದಿಲ್ಲ ಎಂಬುದು ಕಾಣಿಸಿತು. ಮುಖ್ಯಸ್ಥರು ಆ ದಿನ ನನಗೂ ಟೀ ಮಾಡಿಕೊಟ್ಟರು, ತಮ್ಮದೇ ಮಗ್ಗಿನಲ್ಲಿ. ಸೆಪ್ಟೆಂಬರ್‌ನಲ್ಲಿ ಖಾಯಂ ಪತ್ರ ಬಂತು.

ಅದೇ ತಿಂಗಳು ಸಿಸ್ಟರ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸೀಸನ್ನಿನ ಕೊನೆಯ ಆಟಕ್ಕೆ ಪುಸ್ತಕ ಬರೆಯಲು ನನಗೇ ಹೇಳಿದರು. ಬರಬೇಡಿ, ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದ ಮನೆಯವರ ಕಾರಿನಲ್ಲಿ ಬಂದಿಳಿದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

“ನನಗೆ ಬರೀ ಹಸಿರು ಹಸಿರು ಕಾಣ್ತದೆ. ನೀನು ಬರಿ, ಮತ್ತೆ ಎಂತ ಆಗ್ತಾ ಉಂಟು ಅಂತ ಹೇಳ್ತಾ ಇರು. ಕನ್ನಡದಲ್ಲಿ.”

ಬೇಸ್‌ಬಾಲನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಶುರು ಮಾಡಿದೆ. “ಎಡಗೈಯವನು ಬಂದ. ಪಿಚರ್ ಎಸೆದ, ಇವನು ಬೀಸಿದ, ಸಿಗಲಿಲ್ಲ. ಮತ್ತೆ ಎಸೆದ… ಹೊಡೆದ, ನೆಲದ ಮೇಲೇ ಹೋಯ್ತು, ಓಡ್ತಿದಾನೆ, ಮೊದಲ್ನೇ ಮೂಟೆ ಮುಟ್ಟಿದ.”

“ಮೂಟೆಯಾ? ಅಕ್ಕಿ ಅಂಗಡಿಯಾ ಇದು?” ಸಿಸ್ಟರ್ ನಗುತ್ತಾ ಕೆಮ್ಮಿದರು. “ದಿಂಬು ಅನ್ನು ಮಾರಾಯ್ತಿ.”

“ಸರಿ, ದಿಂಬು. ಮುಂದಿನವನು ಬಂದ. ಇವನು ದಪ್ಪಗಿದಾನೆ.”

“ಅವನು ಗೊತ್ತುಂಟು ನನಗೆ. ಹೋದ ವರ್ಷ ಅವನ ಮೊಣಕಾಲಿಗೆ ಬ್ಯಾಂಡೇಜ್ ಕಟ್ಟಿದ್ದೇನೆ. ಬರಿ, ಇವನು ಈಗ ಔಟಾಗ್ತಾನೆ. ಗಂಟೆ ಹಾಕು.”

ಅಂಚಿನಲ್ಲಿ ಗಂಟೆ ಬರೆದು ತಲೆಯೆತ್ತಿದೆ. ಪಿಚರ್ ಎಸೆದ. ಬ್ಯಾಟಿನ ಮಧ್ಯಕ್ಕೆ ಬಿದ್ದ ಚೆಂಡಿನ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು. ಮೇಜಿನ ಹಿಂದಿದ್ದವರೆಲ್ಲ ಎದ್ದು ನಿಂತರು, ನಾನೂ ಎದ್ದೆ. ಚೆಂಡು ಮರಗಳ ಎತ್ತರ ದಾಟಿ, ಬಿಳಿ ಮೋಡದ ಎದುರು ಒಂದು ಚುಕ್ಕೆಯಾಗಿ ಮೇಲೇರುತ್ತಲೇ ಇತ್ತು. ಕೆಳಗೆ ಒಬ್ಬ ಆಟಗಾರ ಹಿಂದೆ ಹಿಂದೆ ಓಡುತ್ತಿದ್ದ.

ಸಿಸ್ಟರ್ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. “ಏ, ಎಂತ ಆಯ್ತು? ಹೇಳು ಮಾರಾಯ್ತಿ!”

“ತಡೀರಿ ಸಿಸ್ಟರ್,” ಎಂದೆ, ಕಣ್ಣು ಕೀಳದೆ. “ಇನ್ನೂ ಕೆಳಗೆ ಬಂದಿಲ್ಲ.”